ಬೆಳಕಿನ ಕ್ವಾಂಟಮ್ ಸ್ಥಿತಿಯನ್ನು ಅಳೆಯುವ ಬಗೆ: ಮಲೆನಾಡಿನ ಕಾಲೇಜು ಪ್ರಯೋಗಾಲಯಕ್ಕೊಂದು ಕೈಪಿಡಿ

ಚಿಕ್ಕಮಗಳೂರಿನಂಥ ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಒಂಟಿ ಫೋಟಾನುಗಳ, ಅಂದರೆ ಬೆಳಕಿನ ಬಿಡಿ ಕಣಗಳ, ಪ್ರಯೋಗಕ್ಕೆ ಮೇಜು ಹಾಕಬೇಕೆಂದಿರುವ ಭೌತಶಾಸ್ತ್ರದ ಅಧ್ಯಾಪಕರಿಗೂ, ಆ ಮೇಜಿನ ಮುಂದೆ ಪ್ರಾಜೆಕ್ಟ್ ಮಾಡಲಿರುವ ಎಂ.ಎಸ್ಸಿ. ವಿದ್ಯಾರ್ಥಿಗಳಿಗೂ ಈ ಬರಹ. ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಇಂಥ ಮೇಜುಗಳ ಮಾತು ಸಣ್ಣ ಊರುಗಳ ಕಾಲೇಜುಗಳಲ್ಲೂ ಕೇಳಿಬರುವುದು ಸಹಜ. ಆದರೆ ಉಪಕರಣವನ್ನು ತರಿಸಿಕೊಳ್ಳುವುದಕ್ಕೂ, ಅದರಿಂದ ನೆಚ್ಚಬಹುದಾದ ಒಂದು ಸಂಖ್ಯೆಯನ್ನು ಹೊರಡಿಸುವುದಕ್ಕೂ ನಡುವೆ ಬಹಳ ಅಂತರವಿದೆ. ಈ ಕೈಪಿಡಿಯ ಗಮನವೆಲ್ಲ ಆ ಅಂತರದ ಮೇಲೆ.

ಮೊದಲಿಗೆ, ಏನನ್ನು ಅಳೆಯಲು ಹೊರಟಿದ್ದೇವೆ ಎಂಬುದು ಸ್ಪಷ್ಟವಾಗಿರಬೇಕು. ಒಂದು ಫೋಟಾನು ಡಿಟೆಕ್ಟರನ್ನು ತಲುಪಿದಾಗ ನಮಗೆ ಸಿಗುವುದು ಒಂದು ಕ್ಲಿಕ್ ಮಾತ್ರ. ಆ ಕ್ಲಿಕ್ಕಿನೊಂದಿಗೆ ಫೋಟಾನೂ ಮುಗಿದುಹೋಗುತ್ತದೆ. ಅದನ್ನೇ ಹಿಡಿದು ಇನ್ನೊಂದು ಬಗೆಯಲ್ಲಿ ಅಳೆಯುವ ಅವಕಾಶ ಉಳಿಯುವುದಿಲ್ಲ. ಹಾಗಾಗಿ ಕ್ವಾಂಟಮ್ ಸ್ಥಿತಿಯೆಂಬುದು ಒಂದೇ ಒಂದು ಫೋಟಾನಿನ ಮೇಲೆ ಓದಿಕೊಳ್ಳಬಹುದಾದದ್ದಲ್ಲ; ಒಂದೇ ರೀತಿಯಲ್ಲಿ ತಯಾರಾದ ಸಾವಿರಾರು ಫೋಟಾನುಗಳನ್ನು ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ಬಗೆಯ ಅಳತೆಗೆ ಒಡ್ಡಿ, ಬಂದ ಎಣಿಕೆಗಳಿಂದ ಲೆಕ್ಕ ಹಾಕಿ ಪಡೆಯಬೇಕಾದದ್ದು. ಕಾಫಿ ಮಾರುವ ಊರಿನವರಿಗೆ ಈ ಕ್ರಮ ಹೊಸದೇನಲ್ಲ: ಔಟ್‌ಟರ್ನ್, ಅಂದರೆ ತೂಕಕ್ಕೆ ಎಷ್ಟು ಕಾಳು ಸಿಗುತ್ತದೆಂದು, ನೋಡಲು ಮೂಟೆಯಿಂದ ತೆಗೆದ ಸ್ಯಾಂಪಲ್ಲಿನ ಸಿಪ್ಪೆ ಬಿಡಿಸಿ ತೂಗುತ್ತಾರೆ, ಬಿಡಿಸಿದ ಕಾಳು ಮತ್ತೆ ಸಿಪ್ಪೆಯುಳ್ಳ ಪಾರ್ಚ್‌ಮೆಂಟ್ ಆಗುವುದಿಲ್ಲ, ಆದರೂ ಇಡೀ ಲಾಟಿನ ಗುಣ ತಿಳಿಯುತ್ತದೆ, ಲಾಟು ಒಂದೇ ಸಮನಾಗಿದ್ದರೆ. ಈ ಕೊನೆಯ ಷರತ್ತೇ ಇಲ್ಲಿಯೂ ಮುಖ್ಯ. ಅಳತೆ ನಡೆಯುತ್ತಿರುವ ಹೊತ್ತಿನಲ್ಲಿ ಲೇಸರಿನ ಶಕ್ತಿಯೋ ಕೋಣೆಯ ಉಷ್ಣತೆಯೋ ಬದಲಾದರೆ, ಕೊನೆಯಲ್ಲಿ ಲೆಕ್ಕದಿಂದ ಹೊರಬರುವ ಸ್ಥಿತಿ ಯಾವ ಫೋಟಾನಿನದೂ ಆಗಿರುವುದಿಲ್ಲ.

ಕೋಣೆ, ಮಳೆ, ಕರೆಂಟು

ಬೋಧನೆಗೆ ಹೆಚ್ಚಾಗಿ ಬಳಸುವ ಬೆಳಕಿನ ಮೂಲ ಸರಳವಾದದ್ದೇ: 405 ನ್ಯಾನೊಮೀಟರ್ ತರಂಗಾಂತರದ ನೇರಳೆ ಡಯೋಡ್ ಲೇಸರ್ ಒಂದು, ಅದರ ದಾರಿಯಲ್ಲಿ ಬೀಟಾ ಬೇರಿಯಮ್ ಬೋರೇಟ್, ಅಂದರೆ ಬಿಬಿಒ ಹರಳಿನ ತೆಳುವಾದ ಬಿಲ್ಲೆ ಒಂದು. ಹರಳನ್ನು ಹೊಕ್ಕ ಅಸಂಖ್ಯ ನೇರಳೆ ಫೋಟಾನುಗಳಲ್ಲಿ ಎಲ್ಲೋ ಒಂದು, 810 ನ್ಯಾನೊಮೀಟರಿನ ಎರಡು ಫೋಟಾನುಗಳಾಗಿ ಒಡೆಯುತ್ತದೆ. ಶಕ್ತಿ, ಸಂವೇಗ ಎರಡೂ ಉಳಿಯಬೇಕಾದ್ದರಿಂದ ಆ ಜೋಡಿ ಪಂಪ್ ಕಿರಣದ, ಅಂದರೆ ಹರಳಿಗೆ ಹಾಯಿಸಿದ ನೇರಳೆ ಕಿರಣದ, ಎರಡು ಬದಿಗೆ ಕೆಲವು ಡಿಗ್ರಿಗಳ ಕೋನದಲ್ಲಿ ಹೊರಬೀಳುತ್ತದೆ. ಒಂದು ಬದಿಯ ಡಿಟೆಕ್ಟರಿನಲ್ಲಿ ಕ್ಲಿಕ್ ಬಂದಿತೆಂದರೆ ಇನ್ನೊಂದು ಬದಿಯಲ್ಲಿ ಅದೇ ಗಳಿಗೆಯಲ್ಲಿ ಅದರ ಜೊತೆಯ ಫೋಟಾನು ಹೊರಟಿದೆ ಎಂಬ ಸುಳಿವು ಸಿಕ್ಕಂತೆ. ಮುಂದಿನ ಅಳತೆಗಳಲ್ಲಿ ಹೆಚ್ಚಿನವು ಈ ಸುಳಿವನ್ನೇ ನೆಚ್ಚಿಕೊಂಡಿವೆ.

ಬಿಬಿಒ ಗಾಳಿಯ ತೇವವನ್ನು ನಿಧಾನವಾಗಿ ಹೀರುವ ಹರಳು. ಮಾರುವವರ ವಿವರಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಸಂಗತಿ ಮಲೆನಾಡಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪ್ರಯೋಗ ನಡೆಯುತ್ತದೋ ಇಲ್ಲವೋ ಎಂಬುದನ್ನೇ ತೀರ್ಮಾನಿಸುತ್ತದೆ. ಹೊಳಪು ಕೊಟ್ಟ ಮುಖ ಮಂಜು ಕವಿದಂತಾಗುತ್ತದೆ, ಪಂಪ್ ಬೆಳಕು ಚದುರುವುದು ಹೆಚ್ಚುತ್ತದೆ, ಜೋಡಿಗಳ ಎಣಿಕೆ ವಾರದಿಂದ ವಾರಕ್ಕೆ ಇಳಿಯುತ್ತದೆ. ಇಳಿತಕ್ಕೆ ಕಾರಣ ಹರಳೋ ಜೋಡಣೆಯೋ ಎಂದು ತಿಳಿಯದೆ ತಿರುಪುಗಳನ್ನು ತಿರುಗಿಸುತ್ತ ಕೂರಬೇಕಾಗುತ್ತದೆ. ಆದ್ದರಿಂದ ಹರಳಿನ ಮೌಂಟನ್ನು ತೆಗೆದು ಮತ್ತೆ ಅದೇ ಸ್ಥಾನಕ್ಕೆ ಕೂರಿಸಬಲ್ಲ ಅಡಿಪಾಯದ ಮೇಲೆಯೇ ನಿಲ್ಲಿಸಬೇಕು, ಕೆಲಸ ಮುಗಿದ ಕೂಡಲೆ ಮೌಂಟ್ ಸಮೇತ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನೊಳಗೆ ಇಡಬೇಕು. ನೀಲಿ ಬಣ್ಣದ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿತೆಂದರೆ ಅದು ತೇವ ತುಂಬಿಕೊಂಡು ಕೆಲಸ ನಿಲ್ಲಿಸಿದೆ ಎಂದರ್ಥ. ಓವನ್‌ನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಹರಳಿನ ಮುಖಕ್ಕೆ ನೀರನ್ನಾಗಲಿ ಬೆರಳನ್ನಾಗಲಿ ಸೋಕಿಸಬಾರದು. ಧೂಳಿದ್ದರೆ ರಬ್ಬರ್ ಬಲ್ಬಿನಿಂದ ಒಣಗಾಳಿ ಊದಿದರೆ ಸಾಕು. ಈ ಭಾಗದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ಗೊತ್ತೇ ಇದೆ. ಬಳಸದಿರುವ ಲೆನ್ಸು, ಫಿಲ್ಟರು, ವೇವ್ ಪ್ಲೇಟುಗಳಿಗೂ ಅದೇ ಗತಿ ಬರಬಾರದೆಂದರೆ ಅವನ್ನೂ ಒಣ ಪೆಟ್ಟಿಗೆಯಲ್ಲೇ ಇಡಬೇಕು.

ಕರೆಂಟು ಹೋಗಿ ಬರುವಾಗಿನ ಏಟಿಗೆ ಲೇಸರ್ ಡಯೋಡ್ ಸುಲಭವಾಗಿ ಬಲಿಯಾಗುತ್ತದೆ, ಆದ್ದರಿಂದ ಆನ್‌ಲೈನ್ ಮಾದರಿಯ ಯುಪಿಎಸ್ ಇಲ್ಲದೆ ಅದನ್ನು ಹಚ್ಚಬಾರದು. ಹಚ್ಚಿದ ಮೇಲೂ ಡಯೋಡಿನ ಉಷ್ಣತೆ ನೆಲೆಗೊಳ್ಳುವವರೆಗೆ ಕಾಯಬೇಕು. 405 ನ್ಯಾನೊಮೀಟರಿನ ಬೆಳಕು ನಮ್ಮ ಕಣ್ಣಿಗೆ ಇರುವುದಕ್ಕಿಂತ ಬಹಳ ಮಂದವಾಗಿ ಕಾಣುತ್ತದೆ. ಹಾಗೆಂದು ಅದರ ಅಪಾಯ ಮಂದವಲ್ಲ. ಆ ತರಂಗಾಂತರಕ್ಕೆಂದೇ ತಯಾರಾದ ಕನ್ನಡಕವನ್ನು ಧರಿಸದೆ ಯಾರೂ ಮೇಜಿನ ಬಳಿ ಬಾಗಬಾರದು.

ಜೋಡಣೆಗೆ ಒಂದು ಉಪಾಯವಿದೆ, ಅದನ್ನು ಬಿಟ್ಟು ಬೇರೆ ದಾರಿ ಹಿಡಿದವರು ದಿನಗಟ್ಟಲೆ ಕತ್ತಲಲ್ಲಿ ತಡಕಾಡುತ್ತಾರೆ. ಫೋಟಾನುಗಳನ್ನು ಹಿಡಿಯುವ ಆಪ್ಟಿಕಲ್ ಫೈಬರನ್ನು ಡಿಟೆಕ್ಟರಿನಿಂದ ಕಳಚಿ, ಆ ತುದಿಗೆ ಕೆಂಪು ಡಯೋಡ್ ಲೇಸರ್ ಹಾಯಿಸಬೇಕು. ಬೆಳಕು ಹಿಮ್ಮುಖವಾಗಿ ಫೈಬರಿನ ಬಾಯಿಯ ಲೆನ್ಸಿನಿಂದ ಹೊರಟು ಹರಳಿನ ಮೇಲೆ ಒಂದು ಕೆಂಪು ಚುಕ್ಕೆಯಾಗಿ ಬೀಳುತ್ತದೆ. ಆ ಚುಕ್ಕೆ ನೇರಳೆ ಚುಕ್ಕೆಯ ಮೇಲೆ ಸರಿಯಾಗಿ ಕೂತು, ಎರಡರ ಗಾತ್ರವೂ ಹೆಚ್ಚುಕಡಿಮೆ ಒಂದೇ ಆಗುವಂತೆ ತಿರುಪುಗಳನ್ನು ಹೊಂದಿಸಿದರೆ, ಹರಳಿನಿಂದ ಹೊರಡುವ ಫೋಟಾನು ಅದೇ ದಾರಿಯಲ್ಲಿ ಫೈಬರನ್ನು ಸೇರುತ್ತದೆ. ಎರಡು ಬದಿಗೂ ಹೀಗೆ ಮಾಡಿ, ಕೆಂಪು ಲೇಸರನ್ನು ತೆಗೆದು, ಡಿಟೆಕ್ಟರುಗಳ ಮುಂದೆ ನೇರಳೆಯನ್ನು ತಡೆದು 810ನ್ನು ಮಾತ್ರ ಬಿಡುವ ಫಿಲ್ಟರುಗಳನ್ನು ಕೂರಿಸಿ, ಕೋಣೆಯನ್ನು ಕತ್ತಲು ಮಾಡಿದ ಮೇಲೆಯೇ ಡಿಟೆಕ್ಟರುಗಳಿಗೆ ವಿದ್ಯುತ್ ಕೊಡಬೇಕು. ಟ್ಯೂಬ್‌ಲೈಟ್ ಹಾಕುವ ಮೊದಲು ಡಿಟೆಕ್ಟರ್ ಆರಿಸುವುದನ್ನು ಬಾಗಿಲ ಒಳಬದಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುವುದು ಒಳ್ಳೆಯದು. ಯುಪಿಎಸ್ಸಿನ ಹಸಿರು ದೀಪ, ಕಂಪ್ಯೂಟರಿನ ಪರದೆ, ಜೇಬಿನಲ್ಲಿ ಬೆಳಗುವ ಮೊಬೈಲು ಎಲ್ಲವೂ ಎಣಿಕೆಯಲ್ಲಿ ಕಾಣಿಸಿಕೊಳ್ಳುತ್ತವೆ. ಕಪ್ಪು ಟೇಪಿಗೆ ಜಿಪುಣತನ ಬೇಡ.

ಬೆಳಕಿಗಿಂತ ಮೊದಲು ಡಿಟೆಕ್ಟರನ್ನು ಅಳೆಯುವುದು

ಸಿಲಿಕಾನ್ ಅವಲಾಂಚ್ ಫೋಟೊಡಯೋಡ್ ಈ ಕೆಲಸಕ್ಕೆ ಸಾಕು. 810 ನ್ಯಾನೊಮೀಟರಿನ ಬಳಿ ಒಳ್ಳೆಯ ಡಯೋಡುಗಳ ದಕ್ಷತೆ ಶೇಕಡಾ 50ರಿಂದ 60ರ ಆಸುಪಾಸಿನಲ್ಲಿರುತ್ತದೆ. ಶೇಕಡಾ 90ನ್ನು ಮೀರುವ ಸೂಪರ್‌ಕಂಡಕ್ಟಿಂಗ್ ನ್ಯಾನೊತಂತಿಯ ಡಿಟೆಕ್ಟರುಗಳೂ ಇವೆ, ಆದರೆ ಅವಕ್ಕೆ ನಿರಪೇಕ್ಷ ಶೂನ್ಯಕ್ಕಿಂತ ಕೆಲವೇ ಡಿಗ್ರಿ ಮೇಲಿನ ಶೈತ್ಯ ಬೇಕಾದ್ದರಿಂದ ನಮ್ಮ ಲೆಕ್ಕಕ್ಕೆ ಅವು ಬಾರವು.

ಹಿನ್ನೆಲೆಯನ್ನು ಮೂರು ಹಂತದಲ್ಲಿ ದಾಖಲಿಸಬೇಕು. ಫೈಬರಿನ ಬಾಯಿಗೆ ಮುಚ್ಚಳ ಹಾಕಿ ಎಣಿಸಿದಾಗ ಸಿಗುವುದು ಡಿಟೆಕ್ಟರಿನ ಸ್ವಂತ ಕತ್ತಲೆ ಎಣಿಕೆ. ಸೆಕೆಂಡಿಗೆ ಕೆಲವು ನೂರು ಸಹಜ. ಮುಚ್ಚಳ ತೆಗೆದು, ಲೇಸರ್ ಆರಿಸಿಯೇ ಎಣಿಸಿದಾಗ ಕೋಣೆಯ ಸೋರು ಬೆಳಕು ಅದಕ್ಕೆ ಸೇರುತ್ತದೆ. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಲೇಸರ್ ಹಚ್ಚಿ, ಪಂಪಿನ ಧ್ರುವೀಕರಣವನ್ನು, ಅಂದರೆ ಬೆಳಕಿನ ಕ್ಷೇತ್ರ ಕಂಪಿಸುವ ದಿಕ್ಕನ್ನು, ಅದಕ್ಕೆಂದೇ ಇರುವ ಹಾಫ್ ವೇವ್ ಪ್ಲೇಟೆಂಬ ಬಿಲ್ಲೆಯಿಂದ 90 ಡಿಗ್ರಿ ತಿರುಗಿಸಿದರೆ ಮೊದಲನೆಯ ಬಗೆಯ (ಜೋಡಿಯ ಎರಡೂ ಫೋಟಾನುಗಳಿಗೆ ಒಂದೇ ಧ್ರುವೀಕರಣ ಕೊಡುವ) ಒಂಟಿ ಬಿಬಿಒ ಹರಳಿನಲ್ಲಿ ಜೋಡಿ ಹುಟ್ಟುವುದು ನಿಲ್ಲುತ್ತದೆ, ಆದರೆ ಹರಳು, ಕನ್ನಡಿ, ಫಿಲ್ಟರುಗಳ ಪ್ರತಿದೀಪ್ತಿ ಹಾಗೆಯೇ ಉಳಿಯುತ್ತದೆ. ಆಗ ಬರುವ ಎಣಿಕೆಯೇ ನಿಜವಾದ ಹಿನ್ನೆಲೆ.

ಒಂದು ಕ್ಲಿಕ್ಕಿನ ನಂತರ ಡಿಟೆಕ್ಟರ್ ಸುಮಾರು 50 ನ್ಯಾನೊಸೆಕೆಂಡು ಕುರುಡಾಗಿರುತ್ತದೆ ಎಂದುಕೊಳ್ಳೋಣ. ಸೆಕೆಂಡಿಗೆ 1 ಲಕ್ಷ ಎಣಿಕೆಯಿದ್ದಾಗ ಇದರಿಂದ ಆಗುವ ನಷ್ಟ ಶೇಕಡಾ 0.5, 10 ಲಕ್ಷಕ್ಕೆ ಏರಿದರೆ ಶೇಕಡಾ 5. ಹೆಚ್ಚು ಬೆಳಕಿದ್ದಷ್ಟೂ ಒಳ್ಳೆಯದು ಎಂಬ ಆಸೆಗೆ ಇನ್ನೊಂದು ಕಡಿವಾಣವೂ ಇದೆ, ಅದು ಆಕಸ್ಮಿಕ ಜೋಡಿಗಳದು. ಎರಡು ಡಿಟೆಕ್ಟರುಗಳು ಒಂದು ನಿಗದಿತ ಕಿಂಡಿಯಷ್ಟು ಸಮಯದೊಳಗೆ ಕ್ಲಿಕ್ ಆದರೆ ಅದಕ್ಕೆಂದು ಪ್ರೋಗ್ರಾಮ್ ಮಾಡಿದ ಎಫ್‌ಪಿಜಿಎ ಚಿಪ್ಪಿನ ಸರ್ಕ್ಯೂಟು ಅದನ್ನು ಜೋಡಿ ಎಂದು ಎಣಿಸುತ್ತದೆ. ಸಂಬಂಧವೇ ಇಲ್ಲದ ಎರಡು ಫೋಟಾನುಗಳೂ ಕೆಲವೊಮ್ಮೆ ಆ ಕಿಂಡಿಯೊಳಗೆ ಒಟ್ಟಿಗೆ ಬೀಳುತ್ತವೆ. ಅವುಗಳ ದರ ಎರಡೂ ಬದಿಯ ದರಗಳ ಗುಣಲಬ್ಧವನ್ನು ಕಿಂಡಿಯ ಅಗಲದಿಂದ ಗುಣಿಸಿದಷ್ಟು. ಪ್ರತಿ ಬದಿಯಲ್ಲಿ 20,000, ಕಿಂಡಿ 5 ನ್ಯಾನೊಸೆಕೆಂಡು ಇದ್ದರೆ ಸೆಕೆಂಡಿಗೆ 2 ಆಕಸ್ಮಿಕಗಳು ಮಾತ್ರ. ಪ್ರತಿ ಬದಿಯಲ್ಲಿ 1 ಲಕ್ಷವಾದರೆ ಅವು 50 ಆಗುತ್ತವೆ. ಬೆಳಕು 5 ಪಟ್ಟು ಏರಿದಾಗ ನಿಜವಾದ ಜೋಡಿ 5 ಪಟ್ಟು, ಸುಳ್ಳು ಜೋಡಿ 25 ಪಟ್ಟು.

ಜೋಡಿ ಫೋಟಾನುಗಳ ದೊಡ್ಡ ಉಪಕಾರವೆಂದರೆ ಹೊರಗಿನ ಯಾವ ಮಾನಕವೂ ಇಲ್ಲದೆ ತಮ್ಮನ್ನು ಹಿಡಿಯುವ ದಾರಿಯ ದಕ್ಷತೆಯನ್ನು ಅವೇ ಹೇಳಿಬಿಡುವುದು. ಕ್ಲಿಷ್ಕೊ ಎಂಬ ಭೌತವಿಜ್ಞಾನಿಯ ಹೆಸರಿನ ಈ ವಿಧಾನದ ಲೆಕ್ಕ ಭಾಗಾಕಾರ ಬಂದವರಿಗೆಲ್ಲ ಬರುತ್ತದೆ. ಹಿನ್ನೆಲೆ ಕಳೆದ ಮೇಲೆ ಎಡಬದಿಯಲ್ಲಿ ಸೆಕೆಂಡಿಗೆ 40,000, ಬಲಬದಿಯಲ್ಲಿ 30,000, ಜೋಡಿಗಳು 3,000 ಬಂದಿವೆ ಎನ್ನೋಣ. ಎಡಕ್ಕೆ ಬಂದ 40,000 ಫೋಟಾನುಗಳಲ್ಲಿ ಪ್ರತಿಯೊಂದಕ್ಕೂ ಬಲಕ್ಕೆ ಒಂದು ಸಂಗಾತಿ ಹೊರಟಿತ್ತು, ಸಿಕ್ಕಿದ್ದು 3,000. ಆದ್ದರಿಂದ ಬಲಬದಿಯ ಒಟ್ಟು ದಕ್ಷತೆ ಶೇಕಡಾ 7.5. ಅದೇ ತರ್ಕದಿಂದ ಎಡಬದಿಯದು ಶೇಕಡಾ 10. ಹರಳಿನಲ್ಲಿ ಹುಟ್ಟುತ್ತಿರುವ ಜೋಡಿಗಳು ಸೆಕೆಂಡಿಗೆ 4 ಲಕ್ಷ. ಡಿಟೆಕ್ಟರಿನ ದಕ್ಷತೆಯೇ ಶೇಕಡಾ 50ರ ಮೇಲಿರುವಾಗ ಒಟ್ಟು 10 ಮಾತ್ರ ಬಂದಿದ್ದರೆ ನಷ್ಟವೆಲ್ಲ ಫೈಬರಿನ ಬಾಯಲ್ಲಿ ಮತ್ತು ಫಿಲ್ಟರಿನಲ್ಲಿ ಆಗುತ್ತಿದೆ ಎಂದು ತಿಳಿಯುತ್ತದೆ. ಈ ಮೂರು ಸಂಖ್ಯೆಗಳನ್ನು ಪ್ರತಿದಿನ ಬೆಳಗ್ಗೆ ಬರೆದಿಡುವ ಪ್ರಯೋಗಾಲಯ ಹರಳಿನ ಆರೋಗ್ಯವನ್ನೂ ಜೋಡಣೆಯ ಸಡಿಲವನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲುದು: ಜೋಡಣೆ ಕೆಟ್ಟರೆ ದಕ್ಷತೆ ಬೀಳುತ್ತದೆ, ಪಂಪಿನ ಶಕ್ತಿ ಅಷ್ಟೇ ಇದ್ದು ಹರಳು ಕೆಟ್ಟರೆ ಹುಟ್ಟುವ ಜೋಡಿಗಳ ಸಂಖ್ಯೆಯೂ ಬೀಳುತ್ತದೆ.

ಇದು ನಿಜಕ್ಕೂ ಒಂಟಿ ಫೋಟಾನೇ?

ಲೇಸರ್ ಬೆಳಕನ್ನು ಮಂದಗೊಳಿಸುತ್ತ ಹೋದರೆ ಕೊನೆಗೆ ಒಂಟಿ ಫೋಟಾನುಗಳ ಮೂಲ ಸಿಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. 810 ನ್ಯಾನೊಮೀಟರಿನ 1 ಮಿಲಿವ್ಯಾಟ್ ಕಿರಣದಲ್ಲಿ ಸೆಕೆಂಡಿಗೆ ಸುಮಾರು 4 ಸಾವಿರ ಲಕ್ಷ ಕೋಟಿ ಫೋಟಾನುಗಳಿರುತ್ತವೆ. ಬೆಳಕನ್ನು ಮಂದಗೊಳಿಸುವ ಎನ್‌ಡಿ ಫಿಲ್ಟರುಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಅದನ್ನು 1 ಲಕ್ಷಕ್ಕೆ ಇಳಿಸುವುದು ಕಷ್ಟವೇನಲ್ಲ. ಆದರೆ ಇಳಿಯುವುದು ಸರಾಸರಿ ಮಾತ್ರ, ಗುಣವಲ್ಲ. ಒಂದು ಪಲ್ಸಿಗೆ ಸರಾಸರಿ 0.1 ಫೋಟಾನು ಇರುವಂತೆ ಮಾಡಿದರೆ 100ಕ್ಕೆ ಸುಮಾರು 90 ಪಲ್ಸುಗಳು ಖಾಲಿ ಹೋಗುತ್ತವೆ, ಖಾಲಿಯಲ್ಲದವುಗಳಲ್ಲಿಯೂ ಸುಮಾರು ಶೇಕಡಾ 5ರಲ್ಲಿ ಎರಡು ಅಥವಾ ಹೆಚ್ಚು ಫೋಟಾನುಗಳಿರುತ್ತವೆ.

ವ್ಯತ್ಯಾಸವನ್ನು ಹಿಡಿಯುವ ಅಳತೆಗೆ ಪ್ರಯೋಗಾಲಯದ ಮಾತಿನಲ್ಲಿ ಜಿ-ಟೂ ಎಂದು ಹೆಸರು. ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ 1956ರಲ್ಲಿ ತೋರಿಸಿದ ಏರ್ಪಾಡೇ ಇದರ ತಳಹದಿ: ಕಿರಣವನ್ನು ಬೀಮ್ ಸ್ಪ್ಲಿಟರಿನಿಂದ ಎರಡಾಗಿ ಒಡೆದು, ಎರಡು ತುದಿಯ ಡಿಟೆಕ್ಟರುಗಳು ಒಟ್ಟಿಗೆ ಕ್ಲಿಕ್ ಆಗುವ ಪ್ರಮಾಣವನ್ನು ಅವು ಸಂಬಂಧವಿಲ್ಲದೆ ಕ್ಲಿಕ್ ಆಗಿದ್ದರೆ ಬರಬಹುದಾಗಿದ್ದ ಪ್ರಮಾಣದಿಂದ ಭಾಗಿಸಬೇಕು. ಲೇಸರಿಗೆ ಈ ಸಂಖ್ಯೆ 1, ಎಷ್ಟೇ ಮಂದಗೊಳಿಸಿದರೂ 1. ಉಷ್ಣ ಮೂಲದ ಬೆಳಕಿಗೆ 2. ಒಂಟಿ ಫೋಟಾನು ಎರಡಾಗಿ ಒಡೆಯಲಾರದ್ದರಿಂದ ಅದಕ್ಕೆ 0. ಎರಡು ಫೋಟಾನುಗಳ ಸ್ಥಿತಿಗೆ 0.5, ಆದ್ದರಿಂದಲೇ 0.5ಕ್ಕಿಂತ ಕೆಳಗೆ ಬಂದರೆ ಮಾತ್ರ ಒಂಟಿ ಫೋಟಾನು ಎನ್ನುವ ವಾಡಿಕೆ ಬಂದಿದೆ. 1ಕ್ಕಿಂತ ಕಡಿಮೆಯಾದ ಯಾವ ಬೆಲೆಯೂ ಬೆಳಕನ್ನು ಬರಿಯ ಅಲೆಯೆಂದು ಬಗೆಯುವ ಸಿದ್ಧಾಂತಕ್ಕೆ ದಕ್ಕದು. ಕಿಂಬಲ್, ಡಗೆನೈ, ಮ್ಯಾಂಡೆಲ್ 1977ರಲ್ಲಿ ಒಂಟಿ ಪರಮಾಣುಗಳು ಹೊಮ್ಮಿಸುವ ಬೆಳಕಿನಲ್ಲಿ ಇದನ್ನು ಕಂಡರು. ಗ್ರ್ಯಾಂಜಿಯೆ, ರೋಜೆ, ಆಸ್ಪೆ 1986ರಲ್ಲಿ ಜೋಡಿಯ ಒಂದು ಫೋಟಾನಿನ ಸುಳಿವು ಹಿಡಿದು ಇನ್ನೊಂದರ ಮೇಲೆ ಪರೀಕ್ಷಿಸಿದರು. ನಾವು ಅನುಸರಿಸಬೇಕಾದದ್ದು ಈ ಎರಡನೆಯ ಕ್ರಮವನ್ನು.

ಅದಕ್ಕೆ ಮೂರು ಡಿಟೆಕ್ಟರು ಬೇಕು: ಸುಳಿವು ಕೊಡುವುದೊಂದು, ಇನ್ನೊಂದು ಬದಿಯ ಬೀಮ್ ಸ್ಪ್ಲಿಟರಿನ ಎರಡು ತುದಿಗೆ ಎರಡು. ಒಟ್ಟು ಸುಳಿವುಗಳನ್ನು ಮೂರೂ ಒಟ್ಟಿಗೆ ಕ್ಲಿಕ್ ಆದ ಸಲಗಳಿಂದ ಗುಣಿಸಿ, ಸುಳಿವಿನೊಂದಿಗೆ ಮೊದಲ ತುದಿಯ ಜೋಡಿಗಳು ಮತ್ತು ಎರಡನೆಯ ತುದಿಯ ಜೋಡಿಗಳ ಗುಣಲಬ್ಧದಿಂದ ಭಾಗಿಸಬೇಕು. 100 ಸೆಕೆಂಡಿನಲ್ಲಿ 1 ಕೋಟಿ ಸುಳಿವು, ಎರಡು ತುದಿಗೂ ತಲಾ 4 ಲಕ್ಷ ಜೋಡಿ, 320 ತ್ರಿವಳಿಗಳು ಬಂದಿದ್ದರೆ ಜಿ-ಟೂ 0.02. ತ್ರಿವಳಿಗಳ ವರ್ಗಮೂಲ ಸುಮಾರು 18 ಆದ್ದರಿಂದ ಅನಿಶ್ಚಿತತೆ 0.001ರಷ್ಟು. ಇದರ ಜೊತೆಗೇ ಸುಳಿವನ್ನು ಕಡೆಗಣಿಸಿ ಅದೇ ಎರಡು ತುದಿಗಳ ಜಿ-ಟೂ ಲೆಕ್ಕ ಹಾಕಿ ನೋಡುವುದು ಉಪಯುಕ್ತ. ಜೋಡಿಯ ಒಂದು ಬದಿ ತನ್ನಷ್ಟಕ್ಕೆ ಉಷ್ಣ ಬೆಳಕಿನಂತೆ ವರ್ತಿಸುವುದರಿಂದ 2 ಬರಬೇಕು ಎಂದು ಪಠ್ಯ ಓದಿದ ವಿದ್ಯಾರ್ಥಿ ನಿರೀಕ್ಷಿಸುತ್ತಾನೆ, ಮೇಜಿನ ಮೇಲೆ ಬರುವುದು 1. 10 ನ್ಯಾನೊಮೀಟರ್ ಅಗಲದ ಫಿಲ್ಟರ್ ಹಾಯ್ದ ಬೆಳಕಿನ ಸಂಸಕ್ತಿಯ ಕಾಲ (ಅಲೆಯ ಲಯ ತಪ್ಪದೆ ಉಳಿಯುವ ಅವಧಿ) ಒಂದು ಪಿಕೊಸೆಕೆಂಡಿಗಿಂತಲೂ ಕಡಿಮೆ, ನಮ್ಮ ಕಿಂಡಿ 5 ನ್ಯಾನೊಸೆಕೆಂಡು. ಅಷ್ಟು ಅಗಲದ ಕಿಂಡಿಯಲ್ಲಿ ಆ ಗುಂಪುಗೂಡುವಿಕೆ ಕರಗಿಹೋಗುತ್ತದೆ. ಅಳತೆಯ ಫಲಿತಾಂಶದಲ್ಲಿ ಬೆಳಕಿನ ಗುಣದ ಜೊತೆ ಅಳೆಯುವವನ ಕಿಂಡಿಯೂ ಸೇರಿರುತ್ತದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪಾಠ ಬೇರೆ ಸಿಗಲಾರದು.

ಧ್ರುವೀಕರಣದ ಸ್ಥಿತಿಯನ್ನು ಕಟ್ಟುವುದು

ಫೋಟಾನಿನ ಧ್ರುವೀಕರಣ ಎರಡು ಆಯಾಮದ ಸ್ಥಿತಿಯಾದ್ದರಿಂದ ಅದನ್ನು ಪೂರ್ತಿಯಾಗಿ ಹೇಳಲು ಮೂರು ಸಂಖ್ಯೆಗಳು ಸಾಕು. 1852ರಷ್ಟು ಹಿಂದೆಯೇ ಸ್ಟೋಕ್ಸ್ ಸೂಚಿಸಿದ ಅಂಕಗಳೇ ಇವತ್ತಿನ ಕ್ವಾಂಟಮ್ ಟೊಮೊಗ್ರಫಿಗೂ, ಅಂದರೆ ಹಲವು ಅಳತೆಗಳಿಂದ ಸ್ಥಿತಿಯನ್ನು ಕಟ್ಟುವ ಕೆಲಸಕ್ಕೂ, ಆಧಾರ. ಅವನ್ನು ಮೂರು ಅಕ್ಷಗಳಾಗಿ ಭಾವಿಸಿದರೆ ಪ್ರತಿಯೊಂದು ಸ್ಥಿತಿಯೂ ಪ್ವಾಂಕರೆ ಗೋಳದ ಮೇಲೋ ಒಳಗೋ ಒಂದು ಬಿಂದುವಾಗುತ್ತದೆ. ಇದೇ ಗೋಳದ ಮೇಲಿನ ತ್ರಿಭುಜಗಳನ್ನು ಬಳಸಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನಲ್ಲಿದ್ದಾಗ, ಇಂದು ಅವರ ಹೆಸರಿನಲ್ಲೇ ಕರೆಯಲಾಗುವ ಜ್ಯಾಮಿತೀಯ ಫೇಸನ್ನು (ಫೇಸೆಂದರೆ ಅಲೆಯ ಏರಿಳಿತದ ಹಂತ) ಕಂಡುಕೊಂಡರು. ಈ ಮೇಜಿನ ಮುಂದೆ ಕೂರುವ ವಿದ್ಯಾರ್ಥಿಗೆ ಆ ಹೆಸರು ತಿಳಿದಿರಬೇಕು.

ಫೋಟಾನು ಮೊದಲು ಕ್ವಾರ್ಟರ್ ವೇವ್ ಪ್ಲೇಟನ್ನು, ಆಮೇಲೆ ಹಾಫ್ ವೇವ್ ಪ್ಲೇಟನ್ನು, ಕೊನೆಗೆ ಅಡ್ಡ ಧ್ರುವೀಕರಣವನ್ನು ಮಾತ್ರ ಮುಂದೆ ಬಿಡುವ ಸ್ಪ್ಲಿಟರನ್ನು ಹಾಯುವಂತೆ ಜೋಡಿಸಬೇಕು. ಪೋಲರೈಸರನ್ನೇ ತಿರುಗಿಸುವುದು ಸುಲಭವೆಂದು ತೋರಬಹುದು, ಆದರೆ ಅದರ ಮುಖಗಳು ಚೂರು ಓರೆಯಿದ್ದರೂ ಕಿರಣ ಪಕ್ಕಕ್ಕೆ ಸರಿದು ಫೈಬರಿನಲ್ಲಿ ಸೇರುವ ಪ್ರಮಾಣ ಕೋನದೊಂದಿಗೆ ಬದಲಾಗುತ್ತದೆ, ಅದು ಧ್ರುವೀಕರಣದ ವೇಷ ಹಾಕಿಕೊಂಡು ಲೆಕ್ಕದೊಳಗೆ ನುಸುಳುತ್ತದೆ. ಪ್ಲೇಟುಗಳ ಅಕ್ಷವನ್ನು ಹೊಂದಿಸಲು ಪರಸ್ಪರ ಲಂಬವಾಗಿಟ್ಟ ಎರಡು ಪೋಲರೈಸರುಗಳ ನಡುವೆ ಪ್ಲೇಟನ್ನು ನಿಲ್ಲಿಸಿ, ಬೆಳಕು ಮತ್ತೆ ಪೂರ್ತಿ ಆರುವವರೆಗೆ ತಿರುಗಿಸಬೇಕು. ಮೌಂಟಿನ ಮೇಲೆ ಕಂಪನಿ ಗೀಚಿದ ಸೊನ್ನೆಯನ್ನು ನಂಬಬಾರದು.

ಕ್ವಾರ್ಟರ್ ಪ್ಲೇಟು 0, ಹಾಫ್ ಪ್ಲೇಟು 0 ಇದ್ದಾಗ ಅಡ್ಡ, 0, 45 ಇದ್ದಾಗ ಲಂಬ, 45, 22.5 ಇದ್ದಾಗ 45 ಡಿಗ್ರಿಯ ಓರೆ, 45, 67.5 ಇದ್ದಾಗ 135 ಡಿಗ್ರಿಯ ಓರೆ; 0, 22.5 ಮತ್ತು 0, 67.5 ಇದ್ದಾಗ ಎರಡು ವೃತ್ತ ಧ್ರುವೀಕರಣಗಳು ಎಣಿಕೆಯಾಗುತ್ತವೆ. ವೃತ್ತಗಳಲ್ಲಿ ಯಾವುದು ಎಡ, ಯಾವುದು ಬಲ ಎಂಬುದು ಬೆಳಕಿನ ಎದುರು ನಿಂತು ನೋಡುತ್ತೇವೋ ಹಿಂದೆ ನಿಂತು ನೋಡುತ್ತೇವೋ ಎಂಬುದರ ಮೇಲೆ ಹೋಗುತ್ತದೆ. ಪುಸ್ತಕಗಳಲ್ಲೇ ಒಮ್ಮತವಿಲ್ಲ, ಒಂದನ್ನು ಹಿಡಿದು ವರದಿಯಲ್ಲಿ ಹೇಳಿಬಿಡಬೇಕು. ಪ್ರತಿ ಜೊತೆಯ ಎರಡು ಎಣಿಕೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಒಂದೊಂದು ಅಂಕ ಬರುತ್ತದೆ. ಅಡ್ಡ 9,000, ಲಂಬ 1,000. ಓರೆಗಳು 7,500 ಮತ್ತು 2,500. ವೃತ್ತಗಳು 5,500 ಮತ್ತು 4,500 ಎಂದಿಟ್ಟುಕೊಂಡರೆ ಅಂಕಗಳು 0.8, 0.5, 0.1. ಅವುಗಳ ವರ್ಗಗಳ ಮೊತ್ತ 0.90, ಅದಕ್ಕೆ 1 ಸೇರಿಸಿ ಅರ್ಧ ಮಾಡಿದರೆ ಸ್ಥಿತಿಯ ಶುದ್ಧತೆ (ಬೆರಕೆಯೇ ಇಲ್ಲದ ಸ್ಥಿತಿಗೆ ಇದು 1) 0.95.

ಅದೇ ಓರೆಗಳಲ್ಲಿ 8,000 ಮತ್ತು 2,000 ಬಂದಿದ್ದರೆ ಮೊತ್ತ 1.01 ಆಗಿ ಬಿಂದು ಗೋಳದಿಂದ ಹೊರಕ್ಕೆ ಬೀಳುತ್ತಿತ್ತು. ಅಂಥ ಸ್ಥಿತಿಯಿಲ್ಲ, ಅದು ಯಾವುದೋ ಅಳತೆಗೆ ಋಣ ಸಂಭವನೀಯತೆಯನ್ನು ಹೇಳುತ್ತದೆ. 10,000 ಎಣಿಕೆಯಲ್ಲಿ ಶೇಕಡಾ ಒಂದರ ಸುತ್ತಿನ ಏರಿಳಿತ ಸಹಜವಾದ್ದರಿಂದ ಇಷ್ಟು ಹೊರಬಿದ್ದರೆ ಗಾಬರಿಯಿಲ್ಲ: ಬಂದಿರುವ ಎಣಿಕೆಗಳನ್ನು ಅತಿ ಹೆಚ್ಚು ಸಂಭವನೀಯವಾಗಿಸುವ, ಆದರೆ ಗೋಳದೊಳಗೇ ಇರುವ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ಹುಡುಕಬೇಕು. ಇದಕ್ಕೆ ಗರಿಷ್ಠ ಸಂಭಾವ್ಯತೆಯ ವಿಧಾನ ಎನ್ನುತ್ತಾರೆ. ಆದರೆ ಮೊತ್ತ 1.2 ಬಂದರೆ ಈ ವಿಧಾನದ ಮೊರೆಹೋಗುವುದು ತಪ್ಪು. ಅಷ್ಟು ದೂರ ಬೀಳುವುದು ಏರಿಳಿತದಿಂದಲ್ಲ. ಪ್ಲೇಟಿನ ಕೋನ ತಪ್ಪಿದೆ ಅಥವಾ ಎಣಿಕೆಯ ನಡುವೆ ಲೇಸರ್ ಜಾರಿದೆ. ತಂತ್ರಾಂಶವು ಅದನ್ನೂ ತುಟಿಪಿಟಿಕ್ಕೆನ್ನದೆ ಗೋಳದೊಳಗೆ ತಂದು ಕೂರಿಸಿ, ಚೆಂದದ ಕಂಬಚಿತ್ರ ಬಿಡಿಸಿಕೊಡುತ್ತದೆ. ವಿದ್ಯಾರ್ಥಿಗಳ ವರದಿಯಲ್ಲಿ ಆ ಬಣ್ಣದ ಚಿತ್ರಕ್ಕಿಂತ ಆರು ಎಣಿಕೆಗಳ ಮೂಲ ಪಟ್ಟಿಯನ್ನು ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಜೋಡಿಯ ಸ್ಥಿತಿ

ಎರಡು ಬಿಬಿಒ ಬಿಲ್ಲೆಗಳ ಅಕ್ಷಗಳನ್ನು ಪರಸ್ಪರ 90 ಡಿಗ್ರಿಗೆ ಇಟ್ಟು ಅಂಟಿಸಿ, ಪಂಪನ್ನು 45 ಡಿಗ್ರಿಗೆ ತಿರುಗಿಸಿದರೆ ಒಂದು ಬಿಲ್ಲೆ ಅಡ್ಡ-ಅಡ್ಡ ಜೋಡಿಯನ್ನೂ ಇನ್ನೊಂದು ಲಂಬ-ಲಂಬ ಜೋಡಿಯನ್ನೂ ಕೊಡುತ್ತವೆ. ಯಾವ ಬಿಲ್ಲೆಯಿಂದ ಬಂದದ್ದೆಂದು ತತ್ತ್ವತಃ ತಿಳಿಯಲಾಗದಿದ್ದರೆ ಜೋಡಿ ಎಂಟ್ಯಾಂಗಲ್ಡ್, ಅಂದರೆ ಎರಡನ್ನೂ ಬೇರೆ ಬೇರೆಯಾಗಿ ವಿವರಿಸಲಾಗದಂತೆ ಹೆಣೆದುಕೊಂಡ, ಸ್ಥಿತಿಯಲ್ಲಿರುತ್ತದೆ. ಇಲ್ಲಿ ಅವಸರಪಟ್ಟು ತೀರ್ಮಾನಕ್ಕೆ ಬರುವುದು ಬಹಳ ಸುಲಭ. ಎರಡೂ ಬದಿಯಲ್ಲಿ ಅಡ್ಡ, ಲಂಬಗಳನ್ನು ಮಾತ್ರ ಅಳೆದರೆ ಅಡ್ಡ-ಅಡ್ಡ ಅರ್ಧ, ಲಂಬ-ಲಂಬ ಅರ್ಧ, ಬೆರಕೆಗಳು ಸೊನ್ನೆಯ ಹತ್ತಿರ ಬರುತ್ತವೆ. ಆದರೆ ನಾಣ್ಯ ಚಿಮ್ಮಿ ಒಮ್ಮೆ ಇದು, ಒಮ್ಮೆ ಅದು ಎಂದು ಕಳಿಸುವ ಸಾಧಾರಣ ಮಿಶ್ರಣವೂ ಅಚ್ಚು ಅದೇ ಪಟ್ಟಿಯನ್ನು ಕೊಡುತ್ತದೆ. ಎರಡೂ ಬದಿಯನ್ನು 45 ಡಿಗ್ರಿಯ ಓರೆಗೆ ತಿರುಗಿಸಿದಾಗಲೇ ಭೇದ ಕಾಣುವುದು. ಮಿಶ್ರಣವಾದರೆ ನಾಲ್ಕು ಸಾಧ್ಯತೆಗಳೂ ಸಮವಾಗಿ ಹಂಚಿಹೋಗುತ್ತವೆ; ಎಂಟ್ಯಾಂಗಲ್‌ಮೆಂಟ್ ಇದ್ದು ಫೇಸ್ ಸರಿಯಿದ್ದರೆ ಒಂದೇ ಓರೆಯ ಜೋಡಿಗಳು ಮಾತ್ರ ಬರುತ್ತವೆ. ಒಂದೇ ಓರೆಯವು 960, ಎದುರು ಓರೆಯವು 40 ಬಂದರೆ ಸ್ಪಷ್ಟತೆ 0.92. ಪಂಪಿನ ದಾರಿಯಲ್ಲಿಟ್ಟ ವೇವ್ ಪ್ಲೇಟನ್ನು ಸ್ವಲ್ಪ ವಾಲಿಸಿ ಫೇಸನ್ನು ಹೊಂದಿಸಬಹುದು, ಆ ವಾಲಿಕೆಗೆ ಎಣಿಕೆ ಏರಿ ಇಳಿಯುವುದನ್ನು ಪರದೆಯ ಮೇಲೆ ನೋಡಬಹುದು.

ಪೂರ್ಣ ಟೊಮೊಗ್ರಫಿಗೆ ಕನಿಷ್ಠ 16 ಹೊಂದಿಕೆಗಳು ಬೇಕು, ಏಕೆಂದರೆ ಜೋಡಿಯ ಸ್ಥಿತಿಯನ್ನು ಪೂರ್ತಿಯಾಗಿ ಹೇಳುವ, ನಾಲ್ಕು ಸಾಲು ನಾಲ್ಕು ಕಂಬದ ಸಾಂದ್ರತಾ ಮಾತೃಕೆಯಲ್ಲಿ 15 ಸ್ವತಂತ್ರ ಸಂಖ್ಯೆಗಳೂ ಒಟ್ಟು ಎಣಿಕೆಯೂ ಸೇರಿ 16 ಅಜ್ಞಾತಗಳಿವೆ. ಜೇಮ್ಸ್, ಕ್ವಿಯಾಟ್, ಮನ್ರೊ, ವೈಟ್ 2001ರಲ್ಲಿ ವಿವರಿಸಿದ ಈ ಕ್ರಮವೇ ಈಗ ರೂಢಿ. ಕಾಲವಿದ್ದರೆ ಆರು ಧ್ರುವೀಕರಣಗಳನ್ನು ಆರರೊಂದಿಗೆ ಜೋಡಿಸಿ 36ನ್ನೂ ಅಳೆಯುವುದು ಮೇಲು; ಹೆಚ್ಚುವರಿ ಅಳತೆಗಳು ಲೇಸರಿನ ಜಾರುವಿಕೆಯನ್ನು ಬಯಲಿಗೆ ತರುತ್ತವೆ. ಮೊದಲ ಹೊಂದಿಕೆಯನ್ನೇ ಕೊನೆಯಲ್ಲಿ ಇನ್ನೊಮ್ಮೆ ಅಳೆದು ಎರಡನ್ನೂ ಹೋಲಿಸುವ ಅಭ್ಯಾಸ ಇನ್ನೂ ಅಗ್ಗ.

ಫೋಟಾನುಗಳು ಪ್ರತಿ ಅಳತೆಯ ಉತ್ತರವನ್ನೂ ಮೊದಲೇ ಹೊತ್ತು ತರುತ್ತವೆ ಎಂಬ ಊಹೆಯನ್ನು ಒರೆಗೆ ಹಚ್ಚುವ ಬೆಲ್ ಅಸಮಾನತೆಯ ಪರೀಕ್ಷೆ ಇದೇ ಮೇಜಿನ ಮೇಲೆ ಆಗುತ್ತದೆ: ಒಂದು ಬದಿಯನ್ನು 0, 45 ಡಿಗ್ರಿಗಳಿಗೆ, ಇನ್ನೊಂದನ್ನು 22.5, 67.5ಕ್ಕೆ ಇಟ್ಟು ಬರುವ ನಾಲ್ಕು ಸಹಸಂಬಂಧಗಳ ಲೆಕ್ಕ 2ನ್ನು ಮೀರಬೇಕು. ಕ್ವಾಂಟಮ್ ಮಿತಿ 2.83. ಸ್ಪಷ್ಟತೆ ಸುಮಾರು ಶೇಕಡಾ 71ಕ್ಕಿಂತ ಕೆಳಗಿದ್ದರೆ ಈ ಹೊಂದಿಕೆಯಲ್ಲಿ ಮೀರುವುದಿಲ್ಲ. ಆಕಸ್ಮಿಕ ಜೋಡಿಗಳನ್ನು ಕಳೆದ ಬೆಲೆ, ಕಳೆಯದ ಬೆಲೆ ಎರಡನ್ನೂ ಕೊಡುವುದು ಪ್ರಾಮಾಣಿಕ ಕ್ರಮ.

ಎರಡು ಫೋಟಾನುಗಳು ಒಂದರಂತೆ ಒಂದಿವೆಯೇ ಎಂದು ತಿಳಿಯಲು ಹಾಂಗ್, ಊ, ಮ್ಯಾಂಡೆಲ್ 1987ರಲ್ಲಿ ಮಾಡಿದ ಪ್ರಯೋಗವಿದೆ. ಎರಡನ್ನೂ ಒಂದೇ ಬೀಮ್ ಸ್ಪ್ಲಿಟರಿನ ಎರಡು ಬದಿಯಿಂದ ಕಳಿಸಿ ಒಂದರ ದಾರಿಯನ್ನು ಮೈಕ್ರೊಮೀಟರ್ ತಿರುಪಿನಿಂದ ಉದ್ದ ಮಾಡುತ್ತ ಹೋದರೆ, ಸರಿಸಮವಾದ ಜಾಗದಲ್ಲಿ ಜೋಡಿ ಎಣಿಕೆ ಕುಸಿಯುತ್ತದೆ. 10 ನ್ಯಾನೊಮೀಟರ್ ಫಿಲ್ಟರಿಗೆ ಆ ಕುಸಿತದ ಅಗಲ ಹತ್ತಾರು ಮೈಕ್ರೊಮೀಟರುಗಳಷ್ಟೆ. ದೊಡ್ಡ ಹೆಜ್ಜೆ ಹಾಕಿದರೆ ಅದು ಕಣ್ಣಿಗೇ ಬೀಳದೆ ದಾಟಿಹೋಗುತ್ತದೆ. ಕುಸಿತ ಶೇಕಡಾ 50ನ್ನು ಮೀರಿದರೆ ಅಲೆಯ ಸಿದ್ಧಾಂತ ಅದನ್ನು ವಿವರಿಸಲಾರದು.

ಹೋಮೊಡೈನ್

ಒಂದು ಫೇಸಿನಲ್ಲಿ ಏರಿಳಿತವನ್ನು ಶೂನ್ಯದ ಮಟ್ಟಕ್ಕಿಂತ ಕೆಳಗಿಳಿಸಿದ ಸ್ಕ್ವೀಜ್ಡ್ ಬೆಳಕಿನಂಥ ಸ್ಥಿತಿಗಳಲ್ಲಿ ಎಣಿಸುವುದಕ್ಕಿಂತ ಕ್ಷೇತ್ರದ ಏರಿಳಿತವನ್ನು ಅಳೆಯಬೇಕು. ಪ್ರಬಲವಾದ ಲೇಸರ್ ಕಿರಣವೊಂದನ್ನು ಜೊತೆಗೆ ಬೆರೆಸಿ, ಎರಡು ಸಾಧಾರಣ ಫೋಟೊಡಯೋಡುಗಳ ಪ್ರವಾಹದ ವ್ಯತ್ಯಾಸವನ್ನು ಬೇರೆ ಬೇರೆ ಫೇಸುಗಳಲ್ಲಿ ದಾಖಲಿಸಿ, ಆ ಹಂಚಿಕೆಗಳಿಂದ ಸ್ಥಿತಿಯನ್ನು ಪೂರ್ತಿಯಾಗಿ ಬಣ್ಣಿಸುವ ವಿಗ್ನರ್ ಫಲನವನ್ನು ಕಟ್ಟುತ್ತಾರೆ; ಇಂಥ ಅಳತೆಗೆ ಹೋಮೊಡೈನ್ ಎಂದು ಹೆಸರು. 1993ರಲ್ಲಿ ಸ್ಮಿಥಿ, ಬೆಕ್, ರೇಮರ್, ಫರಿದಾನಿ ಇದನ್ನು ಮೊದಲು ಮಾಡಿ ತೋರಿಸಿದರು. ಈ ಕ್ರಮದಲ್ಲಿ ನಷ್ಟಕ್ಕೆ ಕ್ಷಮೆಯಿಲ್ಲ. ಎಣಿಕೆಯಲ್ಲಿ ಕಳೆದುಹೋದ ಫೋಟಾನು ಪಟ್ಟಿಗೇ ಸೇರುವುದಿಲ್ಲ, ಇಲ್ಲಿ ಅದರ ಜಾಗಕ್ಕೆ ಶೂನ್ಯದ ಏರಿಳಿತ ಬಂದು ಕೂರುತ್ತದೆ. ಅರ್ಧಕ್ಕಿಳಿದ ಏರಿಳಿತ, ಅಂದರೆ 3 ಡೆಸಿಬೆಲ್ ಸ್ಕ್ವೀಜಿಂಗ್, ಶೇಕಡಾ 50 ನಷ್ಟದ ನಂತರ ಸುಮಾರು 1.25 ಡೆಸಿಬೆಲ್ ಮಾತ್ರ ಕಾಣುತ್ತದೆ. ಒಂಟಿ ಫೋಟಾನಿನ ವಿಗ್ನರ್ ಫಲನ ಮಧ್ಯದಲ್ಲಿ ಋಣವಾಗಬೇಕಾದರೆ ಒಟ್ಟು ದಕ್ಷತೆ ಶೇಕಡಾ 50ನ್ನು ಮೀರಲೇಬೇಕು. ಮೇಲಿನ ಕ್ಲಿಷ್ಕೊ ಲೆಕ್ಕದಲ್ಲಿ ಶೇಕಡಾ 10 ಬರುತ್ತಿರುವ ಮೇಜಿನ ಮೇಲೆ ಇದಕ್ಕೆ ಕೈಹಾಕುವುದು ವ್ಯರ್ಥ. ಕೈಹಾಕುವವರು ಮೊದಲು ಪ್ರಬಲ ಕಿರಣವನ್ನು ಮಾತ್ರ ಹಾಯಿಸಿ, ಅದರ ಶಕ್ತಿಯನ್ನು ಇಮ್ಮಡಿಸಿದಾಗ ಏರಿಳಿತದ ವರ್ಗವೂ ಇಮ್ಮಡಿಯಾಗುತ್ತದೆಯೇ ಎಂದು ನೋಡಬೇಕು. ನಾಲ್ಮಡಿಯಾದರೆ ಕಾಣುತ್ತಿರುವುದು ಲೇಸರಿನ ಗದ್ದಲ.

ಅನಿಶ್ಚಿತತೆಯನ್ನು ಬರೆಯುವುದು

ಶುದ್ಧತೆ, ಎಂಟ್ಯಾಂಗಲ್‌ಮೆಂಟಿನ ಪ್ರಮಾಣ ಮುಂತಾದವು ಎಣಿಕೆಗಳಿಂದ ಸುತ್ತುಬಳಸಿ ಬರುವ ಸಂಖ್ಯೆಗಳು. ಅವುಗಳ ಅನಿಶ್ಚಿತತೆಗೆ ನೇರ ಸೂತ್ರ ಹುಡುಕುವುದಕ್ಕಿಂತ ಕಂಪ್ಯೂಟರಿನಿಂದ ಅನುಕರಣೆ ಮಾಡಿಸುವುದು ಒಳ್ಳೆಯದು. ಅಳೆದ ಪ್ರತಿ ಎಣಿಕೆಯನ್ನೂ ಸರಾಸರಿಯೆಂದು ತೆಗೆದುಕೊಂಡು ಪಾಯ್ಸನ್ ಹಂಚಿಕೆಯಿಂದ ಹೊಸ ಎಣಿಕೆಗಳನ್ನು ಹುಟ್ಟಿಸಿ, ಇಡೀ ಲೆಕ್ಕವನ್ನು ನೂರಾರು ಸಲ ಮರಳಿ ಓಡಿಸಿದರೆ, ಬಂದ ಬೆಲೆಗಳು ಎಷ್ಟು ಹರಡಿವೆ ಎಂಬುದೇ ಅನಿಶ್ಚಿತತೆ. ಅದೇ ಅನುಕರಣೆಯಲ್ಲಿ ಪ್ಲೇಟುಗಳ ಕೋನವನ್ನೂ ಅರ್ಧ ಡಿಗ್ರಿಯಷ್ಟು ಅತ್ತಿತ್ತ ಸರಿಸಿ ನೋಡಬೇಕು. ಎಣಿಕೆಯ ಕಾಲವನ್ನು ಹೆಚ್ಚಿಸುತ್ತ ಹೋದಂತೆ ಪಾಯ್ಸನ್ ಪಾಲು ಕುಗ್ಗುತ್ತದೆ, ಕೋನದ ಪಾಲು ಕುಗ್ಗುವುದಿಲ್ಲ. ವರದಿಯ ಜೊತೆಗಿಡುವ ಕಡತದಲ್ಲಿ ಮೂಲ ಎಣಿಕೆಗಳು, ಪ್ರತಿ ಹೊಂದಿಕೆಯ ಸಮಯ, ಕಿಂಡಿಯ ಅಗಲ, ಮೂರು ಹಂತದ ಹಿನ್ನೆಲೆ, ಪಂಪಿನ ಶಕ್ತಿ, ಕೋಣೆಯ ಉಷ್ಣತೆ ಮತ್ತು ತೇವಾಂಶ ಇಷ್ಟೂ ಇರಬೇಕು.